ತೊಪ್ಪೂರು ಘಟ್ಟದಲ್ಲಿ ಬ್ರೇಕಿನ ಗಾಳಿಯನ್ನು ಅಪ್ಪಣೆಯಿಲ್ಲದೆ ಹೊರಬಿಟ್ಟದ್ದರ ಬಗ್ಗೆ

ಕಚೇರಿ ಸಂಖ್ಯೆ: ಗಾಳಿ/ಬ್ರೇಕು/43/1937
ಸೇಲಂ, 9 ಆಗಸ್ಟ್ 1937

ವಿಷಯ: ಬಸ್ಸಿನ ಎಣ್ಣೆ ಬ್ರೇಕಿನ ಕೊಳವೆಯಿಂದ ಗಾಳಿ ತೆಗೆಯುವ ಕ್ರಮ.
ಉಲ್ಲೇಖ: ಚಾಲಕ ತಿಮ್ಮರಾಯಪ್ಪನ ಮೂರು ಅರ್ಜಿಗಳು (ಉತ್ತರಿಸಿರುವುದಿಲ್ಲ).

ಮಾರಂಡಹಳ್ಳಿ–ಸೇಲಂ ಬಸ್ಸಿನ ಬ್ರೇಕು ತುಳಿದರೆ ಮೆತ್ತಗೆ ತಳಮುಟ್ಟುತ್ತದೆಂದೂ, ಎಣ್ಣೆಯ ಕೊಳವೆಗೆ ಗಾಳಿ ಸೇರಿದೆಯೆಂದೂ, ಇಳಿಜಾರಿನಲ್ಲಿ ಬಸ್ಸು ನಿಲ್ಲದೆಂದೂ ಸದರಿ ಚಾಲಕನು ಮೂರು ಸಲ ಬರೆದು ಈ ಕಚೇರಿಯ ತಲೆ ತಿಂದಿರುತ್ತಾನೆ. ಉತ್ತರಕ್ಕೆ ಕಾಯುವಷ್ಟು ವಿವೇಕವಿಲ್ಲದೆ, ಕಳೆದ ಶುಕ್ರವಾರ ಘಟ್ಟದ ನೆತ್ತಿಯಲ್ಲಿ ಬಸ್ಸು ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಅಡಿಗೆ ನುಸುಳಿ ತಾನೇ ಗಾಳಿ ಬಿಟ್ಟಿರುತ್ತಾನೆ. ಮೇಲೆ ಕೂತು ಪೆಡಲು ತುಳಿದವಳು ಕುರಿ ಸಾಕುವ ಸಪ್ಪಲಮ್ಮ ಎಂಬ ಪ್ರಯಾಣಿಕಳು. ಇಂಥ ಮಹಾ ಜಾಣರ ತಿಳುವಳಿಕೆಗಾಗಿ ಈ ಮೂಲಕ ಸೂಚಿಸಲಾಗಿದೆ:

1. ಕೊಳವೆಯೊಳಗಿನ ಗಾಳಿ ಇಲಾಖೆಯ ಸ್ವತ್ತು. ಅದು ಯಾವ ಊರಿನಲ್ಲಿ ಒಳಹೊಕ್ಕಿತೆಂಬುದಕ್ಕೆ ಆ ಊರಿನ ಗ್ರಾಮ ಮುನಸೀಫರ ದೃಢೀಕರಣವನ್ನು ಅರ್ಜಿಯೊಡನೆ ಲಗತ್ತಿಸತಕ್ಕದ್ದು.

2. ಪೆಡಲು ತುಳಿಯುವವನೂ ಚಕ್ರದ ಬಳಿ ಗಾಳಿ ಬಿಡುವ ತಿರುಪು ಸಡಿಲಿಸುವವನೂ ಬೇರೆ ಬೇರೆ ದರ್ಜೆಯವರಾಗಿರತಕ್ಕದ್ದು. ‘ತುಳಿ’, ‘ಹಿಡಕೊ’, ‘ಬಿಡು’ ಎಂದು ಸಂತೆಯವರಂತೆ ಕೂಗಾಡುವುದನ್ನು ನಿಷೇಧಿಸಲಾಗಿದೆ. ಪ್ರತಿ ಮಾತನ್ನೂ ಬರೆದು ಸೇಲಂ ಕಚೇರಿಯ ಮುಖಾಂತರ ಕಳುಹಿಸತಕ್ಕದ್ದು. ಉತ್ತರ ಬರುವ ತನಕ ತುಳಿದ ಕಾಲನ್ನು ತೆಗೆಯಕೂಡದು. ಊಟಕ್ಕೂ ಅಷ್ಟೆ.

3. ಗಾಳಿ ಹೊರಬರುವ ಕೊಳವೆಯ ತುದಿಯನ್ನು ಅದ್ದಿಟ್ಟ ಶೀಸೆಯ ಎಣ್ಣೆಯಲ್ಲಿ ಏಳುವ ಪ್ರತಿ ಗುಳ್ಳೆಗೂ, ಅದು ಒಡೆಯುವ ಮುನ್ನ, ಮೊಹರು ಹಾಕತಕ್ಕದ್ದು. ಮೊಹರಿಲ್ಲದೆ ಒಡೆದ ಗುಳ್ಳೆಗಳಿಗೆ ಸಮಜಾಯಿಷಿ ಪಡೆಯಲಾಗುವುದು.

4. ಸಪ್ಪಲಮ್ಮನ ಹೇಳಿಕೆಯನ್ನು ಪರಿಶೀಲಿಸಲಾಯಿತು: ‘ಕೆಳಗಿಂದ ತುಳಿ ಅಂದ್ರು, ತುಳಿದೆ. ಬಿಡು ಅಂದ್ರು, ಬಿಟ್ಟೆ. ನನ್ ಮಗಳು ತುಂಬು ಬಸುರಿ, ಬಸ್ಸಾಗೆ ಕುಂತವ್ಳೆ ಸಾಮಿ. ಉರುಳಿದ್ರೆ ಎತ್ತಕ್ಕೆ ನೀವು ಬತ್ತಿದ್ರಾ?’ ಇದು ಶುದ್ಧ ಉಡಾಫೆ. ಬಸುರಿಯರು ಈ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಬಸ್ಸು ಸುಖವಾಗಿ ಇಳಿಯಿತೆಂಬುದರಿಂದ ಅಪರಾಧವೇನೂ ಕಡಿಮೆಯಾಗುವುದಿಲ್ಲ.

5. ಕ್ರಮವಿಲ್ಲದೆ ತೆಗೆದ ಗಾಳಿಯನ್ನು ತೆಗೆದಂತೆ ಪರಿಗಣಿಸಲಾಗದು. ಆದಕಾರಣ ಅಷ್ಟೂ ಗಾಳಿಯನ್ನು ಕೊಳವೆಗೆ ಮರಳಿ ಸೇರಿಸಿ, ಬರುವ ಶುಕ್ರವಾರ ಅದೇ ಬಸ್ಸನ್ನು, ಬಸುರಿಯೂ ಸೇರಿದಂತೆ ಅದೇ ಪ್ರಯಾಣಿಕರೊಡನೆ, ಘಟ್ಟ ಇಳಿಸತಕ್ಕದ್ದು. ತಪ್ಪಿದಲ್ಲಿ ತಿಮ್ಮರಾಯಪ್ಪನ ಲೈಸೆನ್ಸು ರದ್ದಾಗುವುದು. ಗಾಳಿ ತೆಗೆಯಲು ಅಪ್ಪಣೆ ಕೊಡಬಹುದೇ ಎಂಬುದನ್ನು ಬಸ್ಸು ಸೇಲಂ ತಲುಪಿದ ಮೇಲೆ ಯೋಚಿಸಲಾಗುವುದು.

(ಸಹಿ) ವೆಂಕಟಾಚಲಂ
ಮೇಲ್ವಿಚಾರಕರು
(ಶುಕ್ರವಾರ ರೈಲಿನಲ್ಲಿ ಪ್ರವಾಸದಲ್ಲಿರುತ್ತಾರೆ)

ಪ್ರತಿಗಳು:
1. ಘಟ್ಟದ ಕೆಳಗಿನ ಗ್ರಾಮ ಮುನಸೀಫರಿಗೆ: ಶುಕ್ರವಾರ ಎಂಟು ಎತ್ತಿನ ಬಂಡಿಗಳನ್ನು, ಹುಲ್ಲು ಹಾಸಿ, ಸಿದ್ಧವಿಡಲು.
2. ಚಾಲಕ ತಿಮ್ಮರಾಯಪ್ಪನಿಗೆ: ಪಾಲಿಸಲು.
3. ಸಪ್ಪಲಮ್ಮನಿಗೆ: ಓದು ಬಾರದು. ಚಾಲಕನು ಘಟ್ಟ ಇಳಿಯುವ ಮುನ್ನವೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳತಕ್ಕದ್ದು. ಇಳಿದ ನಂತರ ದೊರೆಯದಿರಬಹುದು.