‘ನಾನು’ ಅಂದರೆ ನಾನಲ್ಲ, ಮಾರಾಯ್ರೆ

“ಕಿವಿ ಕೇಳದವರ ಜೊತೆ ಕೆಲಸ ಮಾಡುದು ಕಷ್ಟ ಅಲ್ವಾ?” ಎಂದು ನನ್ನಲ್ಲಿ ವಿಚಾರಿಸದವರಿಲ್ಲ. ಅವರ ಜೊತೆ ಏನೂ ಕಷ್ಟವಿಲ್ಲ. ಕಷ್ಟ ಇರುವುದು ಕಿವಿ ಕೇಳುವವರ ಜೊತೆ. ಅವರಿಗೆ ಎಷ್ಟು ಹೇಳಿದರೂ ಕೇಳುವುದಿಲ್ಲ. ದಿನಕ್ಕೆ ಒಬ್ಬರಾದರೂ ಅಂಥವರು ಸಿಗದಿದ್ದರೆ ಸಂಜೆ ಬಸ್ಸಿನಲ್ಲಿ ನಗಲು ನನಗೆ ಏನೂ ಇರುವುದಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಮಣಿಪಾಲದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆಗಳ ರಿಲೇ ಕೇಂದ್ರ ಉಂಟು. ಕಿವಿ ಕೇಳದವರು, ಮಾತು ಬಾರದವರು ಅಲ್ಲಿಗೆ ವಿಡಿಯೋ ಕರೆ ಮಾಡಿ ನನ್ನ ಜೊತೆ ಸನ್ನೆಯಲ್ಲಿ ಮಾತಾಡುತ್ತಾರೆ. ಅವರಿಗೆ ಬೇಕಾದವರಿಗೆ ನಾನು ಫೋನ್ ಮಾಡಿ ಅದನ್ನು ಬಾಯಲ್ಲಿ ಹೇಳುತ್ತೇನೆ. ಆಚೆಯವರು ಹೇಳಿದ್ದನ್ನು ತಿರುಗಿ ಸನ್ನೆಯಲ್ಲಿ ಹೇಳುತ್ತೇನೆ. ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹಾಗಾಗಿ ನಾನು ಬಾಯಲ್ಲಿ ಸುಳ್ಳು ಹೇಳುವ ಮೊದಲೇ ಕೈಯಲ್ಲಿ ಸುಳ್ಳು ಹೇಳಲು ಕಲಿತಿದ್ದೆ. ಆ ವಿದ್ಯೆಗೆ ಈಗ ಸಂಬಳ ಬರುತ್ತದೆ, ಆದರೆ ಸುಳ್ಳು ಮಾತ್ರ ಹೇಳುವ ಹಾಗಿಲ್ಲ.

ನಮ್ಮಲ್ಲಿ ನಿಯಮ ಎರಡೇ. ಕರೆ ಮಾಡಿದವರು ‘ನಾನು’ ಅಂದರೆ ನಾವೂ ‘ನಾನು’ ಅನ್ನಬೇಕು. ಮತ್ತೆ, ಯಾರು ಏನು ಹೇಳಿದರೂ ಒಂದಕ್ಷರ ಬಿಡದೆ ದಾಟಿಸಬೇಕು. ಇಲ್ಲಿ ಬರೆದದ್ದೆಲ್ಲ ಅವರವರನ್ನು ಕೇಳಿಯೇ ಬರೆದದ್ದು, ಊರುಗಳನ್ನು ಸ್ವಲ್ಪ ಅದಲುಬದಲು ಮಾಡಿದ್ದೇನೆ. ಹುಡುಕಲು ಹೋಗಬೇಡಿ.

ಸೊಂಟದಲ್ಲಿ ಬಿಗಿ

ಇನ್ನಂಜೆಯ ಕಡೆಯ ಒಬ್ಬರು ಬಡಗಿ. ಒಳ್ಳೆಯ ಎತ್ತರ, ಅದಕ್ಕೆ ತಕ್ಕ ಮೀಸೆ. ಹಳೆಯ ಪ್ಯಾಂಟೊಂದನ್ನು ಬೇರೆಯವರ ಕೈಯಲ್ಲಿ ಅಳತೆಗೆ ಕಳಿಸಿ ಮದುವೆಗೆ ಹೊಲಿಸಿದ ಪ್ಯಾಂಟು ಸರಿಯಾಗಿರಲಿಲ್ಲ. ಕಾರ್ಕಳದ ಟೈಲರಿಗೆ ಫೋನ್ ಹಾಕಿದೆ.

“ನಮಸ್ಕಾರ, ರಿಲೇ ಕೇಂದ್ರದಿಂದ. ಕಿವಿ ಕೇಳದ ನಿಮ್ಮ ಗ್ರಾಹಕರೊಬ್ಬರು ಸನ್ನೆಯಲ್ಲಿ ಹೇಳುವುದನ್ನು ನಾನು ಹೇಳ್ತೇನೆ. ಇನ್ನು ಮುಂದೆ ‘ನಾನು’ ಅಂದರೆ ಅವರು, ನಾನಲ್ಲ.”

“ಆಯ್ತು ಆಯ್ತು, ಹೇಳಿ,” ಅಂದರು ಟೈಲರು. ‘ಆಯ್ತು ಆಯ್ತು’ ಎಂದು ಎರಡು ಸಲ ಅಂದವರಿಗೆ ಏನೂ ಅರ್ಥವಾಗಿಲ್ಲ ಎಂದು ನನಗೆ ಅನುಭವದಿಂದ ಗೊತ್ತು.

“ನೀವು ಹೊಲಿದ ಪ್ಯಾಂಟು ನನಗೆ ಸೊಂಟದಲ್ಲಿ ಬಿಗಿ ಆಗ್ತದೆ.”

“ನಾವು ಹೆಂಗಸರದ್ದು ಹೊಲಿಯುದಿಲ್ಲ ಅಮ್ಮ.”

“ಗಂಡಸರದ್ದೇ. ನಾನು ಗಂಡಸು.”

ಆಚೆ ಹೊಲಿಗೆ ಮೆಶಿನ್ ನಿಂತಿತು.

“ನಾಡಿದ್ದು ನನ್ನ ಮದುವೆ,” ಅಂದೆ. “ಕೂತರೆ ಹೊಲಿಗೆ ಬಿಡುವ ಹಾಗೆ ಉಂಟು.”

“ಮದುವೆ ಯಾರ ಜೊತೆ?”

“ಶಿರ್ವದ ಹುಡುಗಿ.”

ಆಮೇಲೆ ಟೈಲರು ಸ್ವರ ಮೆತ್ತಗೆ ಮಾಡಿದರು. “ನೋಡಿ ಅಮ್ಮ, ನನಗೆ ಅದರಿಂದ ಎಂತ ತೊಂದರೆಯೂ ಇಲ್ಲ. ಕಾಲ ಬದಲಾಗಿದೆ. ನಾಳೆ ಪ್ಯಾಂಟು ತನ್ನಿ, ಬಿಡಿಸಿ ಕೊಡ್ತೇನೆ. ಮನೆಯವರು ಒಪ್ಪಿದ್ದಾರಲ್ವಾ?”

ಬಡಗಿ ಸನ್ನೆ ಮಾಡಿದರು. “ಅಪ್ಪ ಅಮ್ಮ ಇಬ್ಬರಿಗೂ ತುಂಬ ಖುಷಿ,” ಎಂದೆ.

“ದೇವರು ಒಳ್ಳೇದು ಮಾಡಲಿ,” ಎಂದು ಟೈಲರು ಫೋನಿಟ್ಟರು.

ಮರುದಿನ ಬಡಗಿಯ ವಿಡಿಯೋ ಕರೆ ಬಂತು. ಪ್ಯಾಂಟು ಸರಿಯಾಗಿತ್ತಂತೆ. ಆದರೆ ಟೈಲರು ಅಳತೆ ತೆಗೆಯುವಾಗ ಪದೇ ಪದೇ ಮುಖವನ್ನೇ ನೋಡುತ್ತಿದ್ದರಂತೆ. ಕೊನೆಗೆ ಮೀಸೆಯನ್ನು ತೋರಿಸಿ, ‘ಚೆನ್ನಾಗಿ ಬಂದಿದೆ’ ಎಂಬಂತೆ ಹೆಬ್ಬೆರಳು ಎತ್ತಿದರಂತೆ.

ಮೂರು ಸಲ ಕರೆದರು

ಕಾಪುವಿನ ಒಬ್ಬ ಹಿರಿಯರು ಉಡುಪಿಯ ಒಂದು ಕ್ಲಿನಿಕ್ಕಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಮಾಡಿಸಿ ಕೂತವರು, ಮಧ್ಯಾಹ್ನ ಒಂದಾದರೂ ಕೂತೇ ಇದ್ದರು. ಅವರ ನಂತರ ಬಂದವರೆಲ್ಲ ಡಾಕ್ಟರರನ್ನು ಕಂಡು ಮನೆಗೆ ಹೋಗಿ ಊಟಕ್ಕೂ ಕೂತಿರಬೇಕು. ಕೊನೆಗೆ ಬೆಂಚಿನಿಂದಲೇ ನನಗೆ ವಿಡಿಯೋ ಕರೆ ಮಾಡಿದರು. ನಾನು ಕ್ಲಿನಿಕ್ಕಿನ ಕೌಂಟರಿಗೆ ಫೋನ್ ಮಾಡಿದೆ.

“ಅವರ ಹೆಸರು ಮೂರು ಸಲ ಕರೆದೆವು ಮೇಡಂ,” ಅಂದಳು ಕೌಂಟರಿನ ಹುಡುಗಿ. “ಕರೆದಾಗ ಬರದಿದ್ದರೆ ನಾವು ಎಂತ ಮಾಡುದು?”

“ಅವರು ಯಾವ ಡಾಕ್ಟರಿಗೆ ಕಾಯ್ತಾ ಇದ್ದಾರೆ?”

“ಕಿವಿ ಡಾಕ್ಟರಿಗೆ.”

“ಚೀಟಿಯಲ್ಲಿ ಎಂತ ತೊಂದರೆ ಅಂತ ಬರೆದುಂಟು, ಸ್ವಲ್ಪ ನೋಡ್ತೀರಾ?”

ಕಾಗದ ಮಗುಚುವ ಸದ್ದಾಯಿತು. “ಎರಡೂ ಕಿವಿ ಕೇಳುದಿಲ್ಲ,” ಎಂದು ಓದಿದಳು. “ಅಯ್ಯೋ,” ಅಂದಳು. ತನ್ನ ತಪ್ಪು ಅವಳಿಗೆ ಅರ್ಥವಾಯಿತೆಂದು ನನಗೆ ಸಮಾಧಾನ.

“ಸಾರಿ ಮೇಡಂ,” ಅಂದಳು, ಪಾಪ, ನಿಜವಾಗಿಯೂ ಬೇಸರದಲ್ಲಿ. “ಒಂದು ನಿಮಿಷ.” ಫೋನನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು. ಮರುಕ್ಷಣ ಅವಳ ಸ್ವರ ಕ್ಲಿನಿಕ್ಕಿನ ಗೋಡೆಗೆಲ್ಲ ಬಡಿದು ಫೋನಿನಲ್ಲಿ ಬಂತು. ಅದೇ ಹೆಸರನ್ನು ನಾಲ್ಕನೆಯ ಸಲ ಕರೆಯುತ್ತಿದ್ದಳು, ಈ ಸಲ ಇನ್ನೂ ಜೋರಾಗಿ.

ಗ್ರಾಹಕರ ಸ್ವಂತ ಸ್ವರ

ಹೂಡೆಯ ಒಬ್ಬ ಮೀನುಗಾರರ ಮೊಬೈಲು ಬಸ್ಸಿನಲ್ಲಿ ಕಳೆದುಹೋಯಿತು. ಅವರಿಗೆ ಕಿವಿಯೂ ಕೇಳದು, ಮಾತೂ ಬಾರದು. ಯಾರಾದರೂ ನಂಬರು ದುರುಪಯೋಗ ಮಾಡಿಯಾರು ಎಂದು ಹೆದರಿ, ತಂಗಿಯ ಮೊಬೈಲಿನಿಂದ ನನಗೆ ಕರೆ ಮಾಡಿದರು. ಸಿಮ್ ಬಂದ್ ಮಾಡಿಸಬೇಕು, ಬೇಗ. ಒಂದು ಮೊಬೈಲ್ ಕಂಪೆನಿಯ ಗ್ರಾಹಕ ಸೇವೆಗೆ ಫೋನ್ ಹಾಕಿದೆ. ಹತ್ತು ನಿಮಿಷ ಹಾಡು ಕೇಳಿಸಿ ಆದ ಮೇಲೆ ಒಬ್ಬಳು ಸಿಕ್ಕಿದಳು.

“ಖಂಡಿತ ಮೇಡಂ, ಬಂದ್ ಮಾಡೋಣ. ಭದ್ರತೆಗಾಗಿ ಗ್ರಾಹಕರು ತಮ್ಮ ಸ್ವಂತ ಸ್ವರದಲ್ಲಿ ಹೆಸರು ಮತ್ತು ಹುಟ್ಟಿದ ದಿನಾಂಕ ಹೇಳಬೇಕು.”

“ಅವರಿಗೆ ಮಾತು ಬರುದಿಲ್ಲ.”

“ಪರವಾಗಿಲ್ಲ ಮೇಡಂ, ನಿಧಾನವಾಗಿ ಹೇಳಲಿ.”

ನಿಮ್ಮ ಮೇಲಿನವರಿಗೆ ಫೋನ್ ಕೊಡಿ ಅಂದೆ. ಬಂದರು. ಅವರು ನನ್ನ ಮಾತನ್ನು ಪೂರ್ತಿ ಕೇಳಿ, “ನಿಮ್ಮ ಸಮಸ್ಯೆ ಅರ್ಥವಾಯಿತು,” ಎಂದು ಹೇಳಿ, ಗ್ರಾಹಕರ ಸ್ವಂತ ಸ್ವರ ಬೇಕು ಅಂದರು. ಮುಕ್ಕಾಲು ಗಂಟೆ ಹೀಗೇ ಹೋಯಿತು. ಪರದೆಯಲ್ಲಿ ಕಾಯುತ್ತಿದ್ದ ಮೀನುಗಾರರು ಕಡೆಗೆ ನನ್ನನ್ನೇ ಕೇಳಿದರು, “ಅವರಿಗೆ ಬೇಕಾದ್ದು ಎಂತ?”

“ನಿಮ್ಮ ಸ್ವರ,” ಎಂದು ಸನ್ನೆ ಮಾಡಿದೆ.

ಅವರಿಗೆ ನಗು ಬಂತು. ಆಮೇಲೆ ಎದೆ ತುಂಬ ಉಸಿರೆಳೆದು ಒಂದು ಬೊಬ್ಬೆ ಹೊಡೆದರು. ಹಿಂದೆ ಕಿಟಕಿಯಲ್ಲಿ ಮಲಗಿದ್ದ ಬೆಕ್ಕು ಹೊರಗೆ ಹಾರಿತು. ನನ್ನ ಹೆಡ್‌ಫೋನು ಕುತ್ತಿಗೆಗೆ ಬಂತು. ಕಂಪೆನಿಯವರಿಗೆ ಏನು ಕೇಳಿಸಿತೋ ಗೊತ್ತಿಲ್ಲ.

“ಧನ್ಯವಾದಗಳು ಸರ್,” ಎಂದರು ಮೇಲಿನವರು, ಸ್ವಲ್ಪವೂ ಅಳುಕದೆ. “ಮಾಹಿತಿ ಸರಿಹೊಂದಿದೆ. ಸಿಮ್ ಬಂದ್ ಮಾಡಿದ್ದೇವೆ.”

ಹುಟ್ಟಿದ ದಿನಾಂಕವೂ ಅದರಲ್ಲೇ ಬಂದಿತ್ತೆಂದು ಕಾಣುತ್ತದೆ.

ದುಬೈಯ ಗಂಡ

ಇದು ಸಣ್ಣದು. ಉಡುಪಿಯಲ್ಲಿ ಹೆಂಡತಿ, ಅವರಿಗೆ ಕಿವಿ ಕೇಳದು. ದುಬೈಯಲ್ಲಿ ಗಂಡ, ಅವರಿಗೆ ಕೇಳುತ್ತದೆ. ಎಂಟು ವರ್ಷದ ಸಂಸಾರದಲ್ಲಿ ಗಂಡ ಕಲಿತ ಸನ್ನೆಗಳು ಮೂರು: ಊಟ, ಚಾ, ಎಲ್ಲಿ. ಬದುಕಲು ಅಷ್ಟು ಸಾಕು. ಜಗಳಕ್ಕೆ ಸಾಲುವುದಿಲ್ಲವಾದ್ದರಿಂದ ಜಗಳಕ್ಕೆಲ್ಲ ನಮ್ಮ ಕೇಂದ್ರ.

ಒಂದು ದಿನ ಮನೆಯ ಗೇಟಿಗೆ ಹೆಂಡತಿ ತಮ್ಮನ್ನು ಕೇಳದೆ ಗಿಳಿಹಸಿರು ಬಣ್ಣ ಹೊಡೆಸಿದ್ದಕ್ಕೆ ಗಂಡ ಶುರು ಮಾಡಿದರು. ನಾನು ಕೈ ನೋಯುವಷ್ಟು ಸನ್ನೆ ಮಾಡಿದೆ. ಐದು ನಿಮಿಷ ನೋಡಿದ ಹೆಂಡತಿ ಆರಾಮವಾಗಿ ಕುರ್ಚಿಗೆ ಒರಗಿ ಎರಡೂ ಕಣ್ಣು ಮುಚ್ಚಿಕೊಂಡರು.

“ಯಾಕೆ ಉತ್ತರ ಇಲ್ಲ?” ಅಂದರು ಗಂಡ.

“ಅವರು ಕಣ್ಣು ಮುಚ್ಚಿದ್ದಾರೆ ಸರ್.”

“ಕಣ್ಣು ಮುಚ್ಚಿದರೆ ಎಂತ?”

“ನೀವು ಹೇಳುದು ಅವರಿಗೆ ಮುಟ್ಟುದಿಲ್ಲ.”

“ಹಾಗೆ ಬಿಟ್ಟರೆ ಹೇಗೆ?” ಅಂದರು ಗಂಡ, ನನ್ನ ಮೇಲೆಯೇ ರೇಗಿ. “ಸ್ವಲ್ಪ ಜೋರಾಗಿ ಕರೆಯಿರಿ ಮಾರಾಯ್ರೆ!”

ಎಂಟು ವರ್ಷ, ಹೇಳಿದೆನಲ್ಲ.

ಅವಳಿಗೆ ಹೇಳಬೇಡ

ಕಾರ್ಕಳದಲ್ಲಿ ಕೇಕು ಮಾಡುವ ಒಬ್ಬಳು ಹುಡುಗಿ, ನಂದಿಕೂರಿನ ಕಡೆಯ ಮೆಕ್ಯಾನಿಕ್ ಒಬ್ಬ ಹುಡುಗ. ಇಬ್ಬರಿಗೂ ಕಿವಿ ಕೇಳುವುದಿಲ್ಲ. ಒಂದು ಕ್ರೀಡಾಕೂಟದಲ್ಲಿ ಭೇಟಿಯಾಗಿ, ಎರಡು ವರ್ಷ ವಿಡಿಯೋದಲ್ಲಿ ಮಾತಾಡಿ, ಮದುವೆಯಾಗುವುದೆಂದು ನಿಶ್ಚಯಿಸಿದ್ದರು. ಬಾಕಿ ಇದ್ದದ್ದು ಹುಡುಗನ ಅಮ್ಮನ ಒಪ್ಪಿಗೆ. ಅವರಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಕಿವಿ ಕೇಳುವ ಸೊಸೆ ಬಂದರೆ ಮಗನನ್ನು ಸದರ ಮಾಡಿಯಾಳು, ಮಗನಂಥವಳೇ ಬೇಕು ಎಂಬುದು ಅವರ ಹಟ. ಹುಡುಗಿಯ ಜೊತೆ ಒಮ್ಮೆ ಮಾತಾಡಿ ನೋಡುತ್ತೇನೆಂದು ನಮ್ಮ ಮೂಲಕ ಫೋನ್ ಮಾಡಿದರು.

ನಾನು ನಿಯಮ ಹೇಳಿದೆ. “ಆಯ್ತು ಆಯ್ತು,” ಅಂದರು.

ಅಡುಗೆ ಬರ್ತದಾ, ಮೀನು ತಿಂತೀಯಾ, ಎಲ್ಲ ಆಯಿತು. ಹುಡುಗಿ ಜಾಣೆ, ಚೆನ್ನಾಗಿ ಉತ್ತರ ಕೊಟ್ಟಳು. ಆಮೇಲೆ ಅಮ್ಮ ಇದ್ದಕ್ಕಿದ್ದಂತೆ ಪಿಸುಮಾತಿಗೆ ಇಳಿದರು.

“ಮಗಾ, ನೀನು ಫೋನಿನವಳು ಇದ್ದೀಯಲ್ಲ, ನಿನ್ನಲ್ಲಿ ಒಂದು ಕೇಳ್ತೇನೆ. ಇದನ್ನು ಅವಳಿಗೆ ಹೇಳಬೇಡ.”

ನಾನು ಹುಡುಗಿಗೆ ಸನ್ನೆ ಮಾಡಿದೆ: ಇದನ್ನು ಅವಳಿಗೆ ಹೇಳಬೇಡ.

“ಹುಡುಗಿ ನೋಡ್ಲಿಕ್ಕೆ ಹೇಗುಂಟು? ಫೋಟೋದಲ್ಲಿ ಎಲ್ಲರೂ ಚಂದವೇ.”

ಹುಡುಗಿ ನೆಟ್ಟಗೆ ಕೂತು ಕೂದಲು ಸರಿಮಾಡಿಕೊಂಡಳು.

“ಸಿಟ್ಟು ಜಾಸ್ತಿಯಾ?”

ಹುಡುಗಿಯ ಮೂಗು ಕೆಂಪಾಯಿತು.

“ಮತ್ತೆ, ಅವಳ ಅಮ್ಮ ಭಾರೀ ಜೋರಂತೆ, ಹೌದಾ?”

ಇಷ್ಟಾದ ಮೇಲೆ ಹುಡುಗಿಯ ಕೈ ನಿಲ್ಲಲಿಲ್ಲ. ಅವಳು ಹೇಳಿದ್ದನ್ನು ನಾನು ಹೇಳಿದೆ: “ನನ್ನ ಅಮ್ಮ ಜೋರಲ್ಲ. ನಿಮಗೆ ಯಾರು ಹೇಳಿದ್ದು?”

“ಯಾರು... ಯಾರು ಮಾತಾಡುದು ಈಗ?”

“ನಾನೇ, ಅತ್ತೆ, ಕಾರ್ಕಳದಿಂದ.”

“ನಾನು ಈಗ ಹೇಳಿದ್ದು ನಿನಗೆ ಕೇಳಿಸಿತಾ?”

“ಎಲ್ಲವೂ ಕೇಳಿಸಿತು.”

“ಅಯ್ಯೋ ದೇವರೇ!” ಅಮ್ಮನ ಕಿರುಚಾಟಕ್ಕೆ ಪಕ್ಕದ ಕೋಣೆಯವರು ಓಡಿ ಬಂದರು. “ಇವಳಿಗೆ ಕಿವಿ ಕೇಳ್ತದೆ! ಕೇಳುದಿಲ್ಲ ಅಂತ ಸುಳ್ಳು ಹೇಳಿ ನನ್ನ ಮಗನಿಗೆ ಮೋಸ ಮಾಡಿದ್ರು!” ಫೋನು ಕಟ್ಟಾಯಿತು.

ಸಂಬಂಧ ಮುರಿದೇ ಹೋಗುವುದರಲ್ಲಿತ್ತು. ಹುಡುಗಿ ಅತ್ತಳು. ನಾನು ಮನೆಯಲ್ಲಿ ಅಕ್ಕನಿಗೆ ಹೇಳಿದರೆ ಅವಳು ನಕ್ಕಳು, ನನಗೆ ಮಾತ್ರ ನಗು ಬರಲಿಲ್ಲ. ಎರಡು ದಿನ ಮನೆಯಲ್ಲಿ ಊಟ ಬಿಟ್ಟ ಹುಡುಗ ಮೂರನೆಯ ದಿನ ಅಮ್ಮನನ್ನು ಬೈಕಿನಲ್ಲಿ ಕೂರಿಸಿ ಮಣಿಪಾಲಕ್ಕೆ ಬಂದು ನಮ್ಮ ಮೆಟ್ಟಿಲು ಹತ್ತಿಸಿದ. ನನ್ನ ಪಕ್ಕದಲ್ಲಿ ಕುರ್ಚಿ ಹಾಕಿ, ಪರದೆಯಲ್ಲಿ ಹುಡುಗಿಯನ್ನು ತೋರಿಸಿ, ಹೇಗೆ ದಾಟಿಸುತ್ತೇನೆಂದು ವಿವರಿಸಿದೆ. ಅಮ್ಮ ನನ್ನ ಮಾತು ನಂಬಲಿಲ್ಲ. ಹುಡುಗಿ ಕೇಕಿನ ಮೇಲೆ ಬಗ್ಗಿ ಹೂ ಬಿಡಿಸುತ್ತಿದ್ದ ಹೊತ್ತು ನೋಡಿ, ಪರದೆಗೆ ಬಾಯಿಟ್ಟು ಅವಳ ಹೆಸರನ್ನು ಕೂಗಿದರು. ಹುಡುಗಿಯ ಕೈ ಅಲುಗಲಿಲ್ಲ. ಮತ್ತೊಮ್ಮೆ ಕೂಗಿದರು. ಕೆಳಗಿನ ಜೆರಾಕ್ಸ್ ಅಂಗಡಿಯವರು ಹೊರಗೆ ಬಂದು ಮೇಲೆ ನೋಡಿದರಂತೆ. ಹುಡುಗಿ ಹೂ ಮುಗಿಸಿ ಎಲೆ ಶುರುಮಾಡಿದಳು.

ಅಮ್ಮನ ಕಣ್ಣಲ್ಲಿ ನೀರು ಬಂತು. “ದೇವರು ದೊಡ್ಡವನು,” ಎಂದು ಕೈಮುಗಿದರು. “ಹುಡುಗಿಗೆ ಒಂದು ಚೂರೂ ಕೇಳುದಿಲ್ಲ!”

ಮದುವೆ ಆಯಿತು. ಅತ್ತೆ ಸೊಸೆ ಚೆನ್ನಾಗಿಯೇ ಇದ್ದಾರೆ. ಅತ್ತೆ ತಂಗಿಯ ಮನೆಗೆ ಹೋದಾಗಲೆಲ್ಲ ನಮ್ಮ ಮೂಲಕ ಸೊಸೆಗೆ ಫೋನ್ ಮಾಡುತ್ತಾರೆ. ಕಳೆದ ವಾರ ಹಾಗೆ ಮಾತಾಡುತ್ತಿದ್ದಾಗ, ಸೊಸೆ ಹೇಗಿದ್ದಾಳೆಂದು ಪಕ್ಕದಲ್ಲಿದ್ದ ತಂಗಿ ಕೇಳಿದ್ದು ನನಗೂ ಕೇಳಿಸಿತು.

“ಸೊಸೆ ಬಂಗಾರ,” ಅಂದರು ಅತ್ತೆ. “ಒಂದು ಮಾತು ಹೇಳುವ ಹಾಗಿಲ್ಲ. ಫೋನಿನಲ್ಲಿ ಸ್ವರ ಮಾತ್ರ ಸ್ವಲ್ಪ ಗಡಸು.”

ನಿಯಮ ನಿಯಮವೇ. ಒಂದಕ್ಷರ ಬಿಡದೆ ಸೊಸೆಗೆ ಸನ್ನೆ ಮಾಡಿದೆ. ಅವಳು ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಭೀರವಾಗಿ ಕೂತು ಉತ್ತರ ಕೊಟ್ಟಳು. ನಾನು ಗಂಟಲು ಸರಿಮಾಡಿಕೊಂಡು, ಆದಷ್ಟು ಮೆತ್ತಗೆ ಹೇಳಿದೆ:

“ಎಂತ ಮಾಡುದು ಅತ್ತೆ, ನನ್ನ ಸ್ವರ ಹುಟ್ಟಿನಿಂದಲೇ ಹಾಗೆ.”