ಕೆನ್ನೆಯ ಹಾಜರಿ

ಅಚ್ಚುಮನೆಯ ಬಾಗಿಲಲ್ಲಿದ್ದ ಹಾಜರಿ ಯಂತ್ರ ಪ್ರೂಫ್ ತಿದ್ದುವವಳ ಮುಖ ನೋಡಿ ‘ಅಪರಿಚಿತರು’ ಎಂದಿತು.

ತಪ್ಪು ಯಂತ್ರದ್ದಲ್ಲ. ಎರಡು ವರ್ಷದ ಹಿಂದೆ ಅದು ನೆನಪಿಟ್ಟುಕೊಂಡ ಮುಖ ಗಾಳಿ ತುಂಬಿದ ಚೆಂಡಿನಂತಿತ್ತು. ಅವಳಿಗೆ ಲೂಪಸ್; ದೇಹದ ಕಾವಲುಗಾರರೇ ಮನೆಯವರ ಮೇಲೆ ಬಡಿಗೆ ಎತ್ತುವ ಕಾಯಿಲೆ. ಒಂಬತ್ತು ವರ್ಷ ಸ್ಟೆರಾಯ್ಡ್ ಮಾತ್ರೆ ಅವರನ್ನು ಸುಮ್ಮನಿರಿಸಿತ್ತು, ಜೊತೆಗೆ ಕೆನ್ನೆಗಳನ್ನೂ ಊದಿಸಿತ್ತು. ಕಾಯಿಲೆ ತಣ್ಣಗಿದೆಯೆಂದು ಡಾಕ್ಟರು ಒಂದೂವರೆ ವರ್ಷ ಚೂರುಚೂರೇ ಇಳಿಸಿ, ಈಚೆಗೆ ಕೊನೆಯ ಅರ್ಧ ಮಾತ್ರೆಯನ್ನೂ ನಿಲ್ಲಿಸಿದ್ದರು. ಕೆನ್ನೆಗಳು ಸದ್ದಿಲ್ಲದೆ ಮನೆ ಖಾಲಿ ಮಾಡಿದ್ದವು. ನಿನ್ನೆಯವರೆಗೆ ಮೂರ್ನಾಲ್ಕು ಸಲ ಇಣುಕಿದರೆ ಯಂತ್ರ ಒಪ್ಪುತ್ತಿತ್ತು. ಇವತ್ತು ಅದೂ ಇಲ್ಲ.

ಹೊಸದಾಗಿ ಖಾಯಂ ಆಗುವವರ ಪಟ್ಟಿ ಅಂದು ಸಂಜೆ ಹೊರಡುವುದಿತ್ತು. ಆರು ತಿಂಗಳಲ್ಲಿ ಮೂರು ರಜೆಯಾದವರ ಹೆಸರು ಹೊಡೆದುಹಾಕುತ್ತಿದ್ದರು. ಅವಳ ಎರಡು ರಜೆ ಆಸ್ಪತ್ರೆಗೆ ಹೋಗಿದ್ದವು. ಒಂಬತ್ತೂವರೆಯೊಳಗೆ ಯಂತ್ರ ಒಪ್ಪದಿದ್ದರೆ ಮೂರನೆಯದು ತಾನಾಗಿಯೇ ಬೀಳುತ್ತಿತ್ತು. ಇನ್ನು ಹತ್ತೇ ನಿಮಿಷ.

ಅತ್ತರೆ ಮುಖ ಊದುತ್ತದೆ ಎಂದು ವಾಚ್‌ಮನ್ ಸಲಹೆ ಕೊಟ್ಟ. ಕಾರಣ ಬೇಕಾದಷ್ಟಿತ್ತು, ಕಣ್ಣೀರು ಬರಲಿಲ್ಲ. ಬೈಂಡರ್ ಅಣ್ಣ ಉಸಿರು ಕಟ್ಟಿ ಕೆನ್ನೆ ಉಬ್ಬಿಸಲು ಹೇಳಿ, ತಾನೇ ಉಬ್ಬಿಸಿ ತೋರಿಸಿದ. ಅವನ ಮುಖ ನೋಡಿ ಅವಳಿಗೆ ನಗು ಬಂದು ಗಾಳಿಯೆಲ್ಲ ಹೋಯಿತು. ಕೊನೆಗೆ ಟೈಪಿಂಗ್ ಅಕ್ಕ ಔಷಧಿ ಡಬ್ಬಿಯಿಂದ ಹತ್ತಿ ತಂದಳು.

“ಬಾಯಿ ತೆಗಿ. ಇನ್ನೂ ಸ್ವಲ್ಪ. ಆಗ ನೀನು ಇದಕ್ಕಿಂತ ಗುಂಡಗಿದ್ದೆ ಕಣೇ.”

ಯಂತ್ರ ಹಸಿರಾಯಿತು. ‘ಸ್ವಾಗತ’ ಎಂದಿತು. ಒಂಬತ್ತು ಇಪ್ಪತ್ತೊಂಬತ್ತು.

ಹಿಂದೆ ಮ್ಯಾನೇಜರ್ ನಿಂತಿದ್ದರು. ಯಂತ್ರಕ್ಕೆ ಮೋಸ ಮಾಡಿದ ಮೂವರೂ ಗಾಳಿಗೆ ಹಾರಿದ ಕಾಗದದಂತೆ ಮಾಯವಾದರು.

“ಮುಖ ಇಷ್ಟು ಊದಿದೆಯಲ್ಲಮ್ಮಾ. ಮತ್ತೆ ಶುರುವಾಯ್ತಾ?”

ಅವಳು ‘ಉಹೂಂ’ ಎಂದಳು. ‘ಉ’ ಹತ್ತಿಯಲ್ಲೇ ಸಿಕ್ಕಿಕೊಂಡು ‘ಹೂಂ’ ಮಾತ್ರ ಹೊರಬಂತು.

ಮ್ಯಾನೇಜರ್ ಮೃದು ಮನಸ್ಸಿನವರು, ತೊಂದರೆಯೇ ಅದು. ಇಂಥ ಸ್ಥಿತಿಯಲ್ಲಿ ದುಡಿಸಿಕೊಳ್ಳುವಷ್ಟು ಕಟುಕ ತಾನಲ್ಲ ಎನ್ನುತ್ತ ಬಾಗಿಲ ಬಳಿಯ ರಜೆ ಪುಸ್ತಕ ತೆರೆದು, ಬಗ್ಗಿ, ಅವಳ ಹೆಸರಿನ ಮುಂದೆ ಒಂದು ದಿನದ ರಜೆ ಬರೆದರು. ಅಷ್ಟರಲ್ಲಿ ಅವಳು ಗೋಡೆಯತ್ತ ತಿರುಗಿ ಎರಡು ಬೆರಳು ಹಾಕಿ ಹತ್ತಿ ಕಿತ್ತಳು.

“ಸಾರ್, ನಾನು ಚೆನ್ನಾಗೇ ಇದ್ದೀನಿ. ಮಾತ್ರೇನೂ ನಿಲ್ಲಿಸಿದ್ದಾರೆ.”

ಮ್ಯಾನೇಜರ್ ತಲೆಯೆತ್ತಿದರು. ಪೆನ್ನು ಕೈಯಲ್ಲೇ ನಿಂತಿತು.

“ಅಯ್ಯೋ, ನೋಡ್ತಾ ನೋಡ್ತಾ ಹೀಗೆ ಇಳಿದುಹೋದ್ರಲ್ಲಮ್ಮಾ. ಒಂದು ದಿನ ಎಲ್ಲಿ ಸಾಕಾಗುತ್ತೆ?” ಒಂದನ್ನು ಹೊಡೆದು ಹದಿನೈದು ಮಾಡಿದರು. “ಖಾಯಂ ಎಲ್ಲಿಗೂ ಓಡಿಹೋಗಲ್ಲ. ಬರೋ ವರ್ಷ ನೋಡೋಣ.”