ವಾಸನೆಯಿಲ್ಲದ ದವನ

ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಅಂಥವನಿಗೆ ಎಚ್.ಡಿ. ಕೋಟೆ ಹಿನ್ನೀರಿನ ದಡದಲ್ಲಿ ವಿಮಾನ ತೊಳೆಯುವ ಕೆಲಸ ಸಿಕ್ಕಿತು. ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ, ಚಕ್ರದ ಬದಲು ದೋಣಿಯಂಥ ಎರಡು ಕಾಲು. ಹಿಂದಿನ ದಿನ ಬೇರೆ ಕೆರೆಯಲ್ಲಿ ಇಳಿದಿದ್ದ ಅದು ಲಾರಿಯ ಮೇಲೆ ಬಂತು. ಅಲ್ಲಿಯ ಕಳೆ ಅಂಟಿಕೊಂಡು ನಮ್ಮ ನೀರಿಗೆ ಸೇರದಂತೆ ತೊಳೆದು, ನೀರು ಬಸಿದು, ಗಾಳಿಗೆ ಒಣಗಿಸಬೇಕು, ಅಷ್ಟೇ. ಎಮ್ಮೆ ತೊಳೆದವನಿಗೆ ವಿಮಾನ ಯಾವ ಲೆಕ್ಕ!

ನನ್ನ ಬಾಮೈದ ಸೋಮ ಮೀನು ಹಿಡಿಯುವವನು. ಭೇರ್ಯದ ಕಡೆ ಅವನ ಕೆರೆಯನ್ನು ಕಳೆ ನುಂಗಿದ ಮೇಲೆ ಬಲೆ ಹೊತ್ತು ಇಲ್ಲಿಗೆ ಬಂದಿದ್ದ.

“ಬಾವ, ಒಂದೆಳೆ ನೀರಿಗ್ ಬಿದ್ರೂ ಅಬ್ಕೊಬುಡ್ತದೆ. ಆಮ್ಯಾಕೆ ನಾನೆಲ್ಲಿಗೋಗ್ಲಿ?” ಅಂದ.

ನಾನಿರುವಾಗ ನಿನಗೇಕೆ ಚಿಂತೆ ಎಂದು ಎದೆ ತಟ್ಟಿಕೊಂಡೆ.

ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದು ಉಜ್ಜಿದೆ. ಎಳೆಎಳೆಯಾದ ಹಸಿರು ಕಳೆ ಒಂದು ಹಿಡಿ ಬಂತು. ಕೂಡಲೇ ಮಣ್ಣಲ್ಲಿ ಹೂಳಬೇಕೆಂದು ಕೆಲಸ ಕೊಟ್ಟ ಸಾಹೇಬರ ಅಪ್ಪಣೆಯಿತ್ತು. ಹೂತರೆ ನನ್ನ ಸಾಧನೆ ಅವರಿಗೆ ಕಾಣುವುದೆಂತು? ದಡದಲ್ಲೇ ಹೂ ಮಾರುತ್ತಿದ್ದ ಹೆಂಡತಿಯ ಬುಟ್ಟಿಯಲ್ಲೇ ಒದ್ದೆ ಬಟ್ಟೆ ಮುಚ್ಚಿ ಇಟ್ಟೆ.

ಇನ್ನು, ಊರಿಗೆ ಬಂದ ಹೊಸ ಗಾಡಿ ಪೂಜೆಯಿಲ್ಲದೆ ಕದಲುವುದುಂಟೆ? ನಿಂಬೆಹಣ್ಣು ಇಡಲು ಚಕ್ರವಿಲ್ಲ, ಹಾರವಾದರೂ ಬೇಕಲ್ಲ! ಬುಟ್ಟಿಯಲ್ಲಿರುವುದನ್ನೆಲ್ಲ ಬೇಗ ಕಟ್ಟು ಎಂದು ಹೆಂಡತಿಗೆ ಹೇಳಿ ದಡದುದ್ದಕ್ಕೂ ಶತಪಥ ಹಾಕಿದೆ. ಕಾಕಡ ಹೂವಿನ ನಡುನಡುವೆ ಹಸಿರಿಟ್ಟು ಚೆಂದಾಗಿ ಕಟ್ಟಿದಳು. ಮೂಸಿ ನೋಡಿದೆ. ಈಗಿನ ದವನಕ್ಕೆ ವಾಸನೆಯೇ ಇಲ್ಲವೆಂದು ಪೈಲಟ್ಟಿಗೆ ಪುಟ್ಟ ಭಾಷಣ ಬಿಗಿದು, ದೋಣಿಗಾಲಿಗೆ ಕೈಯಾರೆ ಹಾರ ಹಾಕಿ ಕಾಯಿ ಒಡೆದೆ. ವಿಮಾನ ನೀರಿಗಿಳಿಯಿತು.

ಆಗ ಸಾಹೇಬರು ಬಂದರು. ಗತ್ತಿನಿಂದ ಬುಟ್ಟಿಯ ಬಟ್ಟೆ ಸರಿಸಿದೆ. ಖಾಲಿ!

“ಅದು ದವನ ಅಲ್ವಾ?” ಎಂದಳು ಹೆಂಡತಿ. “ಎಲ್ಲಾನೂ ಕಟ್ಟು ಅಂದೋರು ನೀವೇ ಕಣ್ರೀ.”

ಸೋಮ ಬಲೆ ತರಲು ಓಡಿದ. ನನಗೆ ತಡೆಯಲಾಗಲಿಲ್ಲ, ನೀರಿಗೆ ಹಾರಿ ಹಾರ ಹಿಡಿದು ಜಗ್ಗಿದೆ. ಅದು ಹರಿದು ಎಳೆಗಳೆಲ್ಲ ತೇಲಿದವು. ಸೋಮ ಸಣ್ಣ ಕಣ್ಣಿನ ಬಲೆ ಎಸೆದು, ನನ್ನನ್ನೂ ಸೇರಿಸಿ, ಎಲ್ಲವನ್ನೂ ಸುತ್ತುಗಟ್ಟಿದ. ಸಂಜೆಯವರೆಗೆ ಒಂದೊಂದೇ ಎಳೆ ಹೆಕ್ಕಿದ. ಇನ್ನೊಂದೂ ಉಳಿದಿಲ್ಲವೆಂದು ನಾನು ಗೆದ್ದವನಂತೆ ಮೇಲೆದ್ದಾಗ, ನನ್ನ ಅಂಗಿಯ ಜೇಬಿನಿಂದಲೇ ಕೊನೆಯದನ್ನು ಎಳೆದ.

“ಬಾವ, ಇತ್ತಗ್ ಬನ್ನಿ” ಎಂದು ಕೈಹಿಡಿದು ದಡಕ್ಕೆ ಹತ್ತಿಸಿದ. ವಿಮಾನಕ್ಕೆ ಹೇಳಿದ್ದ ಕ್ರಮವೆಲ್ಲ ನನಗೇ ಆಯಿತು: ತೊಳೆದರು, ಜೇಬು ಬಸಿದರು, ಗಾಳಿಗೆ ನಿಲ್ಲಿಸಿದರು. ಒಂದು ಕಡೆ ಕೂರದ ನಾನು ಎರಡೂ ಕೈ ಚಾಚಿಕೊಂಡು, ಸೋಮ ‘ಒಣಗ್ತು’ ಅನ್ನುವವರೆಗೂ ಅಲ್ಲಾಡಲಿಲ್ಲ.